ಕಿಂಡಲಿಗೆ ಕನ್ನಡ ಪುಸ್ತಕ: ದುಡ್ಡು ಕೊಡುವ ಮೊದಲು ಒಂದು ಪುಟದ ಪರೀಕ್ಷೆ ಮಾಡಿ

ಪ್ರಶ್ನೆ: ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಸ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ, ಸಣ್ಣ ಅಕ್ಷರ ಓದಿದರೆ ತಲೆನೋವು ಬರುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು ಅಂತ ಮಗಳು ಶಾರ್ಜಾದಿಂದ ಬರುವಾಗ 6 ಇಂಚಿನ ಕಿಂಡಲ್ (ಇ-ಪುಸ್ತಕ ಓದುವ ಅಮೆಜಾನಿನ ಸಾಧನ) ತಂದುಕೊಟ್ಟಳು. ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ (ಉಬುಂಟು ಇದೆ) ಮೂರು ಬಗೆಯ ಪುಸ್ತಕಗಳಿವೆ. ವಿಕಿಸೋರ್ಸ್‌ನಿಂದ ಇಳಿಸಿದ ಇಪಬ್ (ಇ-ಪುಸ್ತಕದ ಒಂದು ರೂಪ) ಫೈಲುಗಳು, ಹಳೆ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್, ಮತ್ತೆ ನನ್ನ ತಂದೆಯವರು ತಾಳಮದ್ದಳೆಯ ಅರ್ಥ ಹೇಳುತ್ತಿದ್ದ ಕಾಲದ ನೆನಪುಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ವರ್ಡ್ ಫೈಲ್. ಕೇಬಲ್ ಹಾಕಿ ಇಪಬ್ ಕಾಪಿ ಮಾಡಿದೆ, ಕಿಂಡಲಿನಲ್ಲಿ ಕಾಣುವುದೇ ಇಲ್ಲ. ಪಿಡಿಎಫ್ ಕಾಣುತ್ತದೆ, ಆದರೆ ಅಕ್ಷರ ಇರುವೆಯ ಹಾಗೆ. ತಂದೆಯವರ ಫೈಲನ್ನು ಮಗಳು ಅಲ್ಲಿಂದ ಕಳಿಸಿದಳು, ತೆರೆದರೆ ಏನೇನೋ ಇಂಗ್ಲಿಷ್ ಅಕ್ಷರ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ "ಇದರಲ್ಲಿ ಕನ್ನಡ ಸಾಫ್ಟ್‌ವೇರ್ ಇಲ್ಲ, ಇನ್‌ಸ್ಟಾಲ್ ಮಾಡಬೇಕು, 1,500 ರೂಪಾಯಿ ಆಗ್ತದೆ, ಅಮೆಜಾನ್ ಪಾಸ್‌ವರ್ಡ್ ಕೊಡಿ, ಓಟಿಪಿ ಬಂದರೆ ಹೇಳಿ" ಅಂದರು. ಇನ್ನೊಬ್ಬರು ಜೈಲ್‌ಬ್ರೇಕ್ ಮಾಡಿಸಿ ಅನ್ನುತ್ತಾರೆ. ಮತ್ತೊಬ್ಬರು 2025ರಿಂದ ಕೇಬಲಿನಲ್ಲಿ ಪುಸ್ತಕ ಹಾಕುವುದೇ ನಿಂತಿದೆ ಅನ್ನುತ್ತಾರೆ. ಮಗಳು ಕೊಟ್ಟದ್ದು ಹಾಳಾದರೆ ಅಂತ ಹೆದರಿಕೆ. ಹಳೆ ಪುಸ್ತಕ ಸ್ಕ್ಯಾನ್ ಮಾಡಿ ಓದುವುದು ತಪ್ಪಾ ಅಂತಲೂ ಸಂಶಯ.

ಉತ್ತರ:

ಮಾಸ್ಟ್ರೇ, ಮೊದಲು ಒಂದು ಸಮಾಧಾನದ ಮಾತು. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಕಿಂಡಲ್‌ಗೆ ಏನೂ ಆಗಿಲ್ಲ. ಮೂರು ಫೈಲುಗಳಿಗೆ ಮೂರು ಬೇರೆ ಬೇರೆ ತೊಂದರೆ ಇದೆ. ಮೂರೂ ಒಟ್ಟಿಗೆ ಬಂದದ್ದರಿಂದ ಮೆಷಿನ್ನಿನದ್ದೇ ದೋಷ ಅಂತ ಅನಿಸಿದೆ, ಅಷ್ಟೆ.

ಎರಡನೆಯದು, ಪಾಸ್‌ವರ್ಡ್ ಕೊಡಬೇಡಿ. ಓಟಿಪಿ ಹೇಳಲೇಬೇಡಿ. ಆ ಕಿಂಡಲ್ ಮಗಳ ಅಮೆಜಾನ್ ಖಾತೆಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಆ ಖಾತೆಗೆ ಅವರ ಬ್ಯಾಂಕ್ ಕಾರ್ಡ್ ಜೋಡಿಸಿರುತ್ತಾರೆ. ಪಾಸ್‌ವರ್ಡ್ ಕೊಟ್ಟರೆ ಪುಸ್ತಕ ಹಾಕುವ ಅಧಿಕಾರದ ಜೊತೆಗೆ ಆ ಕಾರ್ಡಿನಲ್ಲಿ ಸಾಮಾನು ತರಿಸುವ ಅಧಿಕಾರವನ್ನೂ ಕೊಟ್ಟ ಹಾಗೆ. ಕೇಬಲಿನಲ್ಲಿ ಪುಸ್ತಕ ಹಾಕಲು ಯಾರ ಪಾಸ್‌ವರ್ಡೂ ಬೇಡ.

ನಾನು ಕುಂಬಳೆಯಲ್ಲಿ ಡಿಟಿಪಿ ಕೆಲಸದಿಂದ ಶುರು ಮಾಡಿದವನು. ಬ್ರಹ್ಮಕಲಶದ ಸ್ಮರಣ ಸಂಚಿಕೆ, ಪ್ರಸಂಗದ ಪುಸ್ತಕ, ಮದುವೆ ಕಾಗದ ಎಲ್ಲವನ್ನೂ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದೇನೆ. ಈಗ ಹೆಚ್ಚಿನ ಕೆಲಸ ಆ ಹಳೆ ಫೈಲುಗಳನ್ನೇ ಮೊಬೈಲಿನಲ್ಲಿ, ಓದುವ ಸಾಧನಗಳಲ್ಲಿ ಕಾಣುವ ಹಾಗೆ ಮಾಡುವುದು. ಹಾಗಾಗಿ ನಿಮ್ಮ ಪ್ರಶ್ನೆ ವಾರಕ್ಕೆ ಒಂದಾದರೂ ನನ್ನ ಮೇಜಿಗೆ ಬರುವ ಪ್ರಶ್ನೆಯೇ.

ಈಗ "ಕನ್ನಡ ಸಾಫ್ಟ್‌ವೇರ್" ಅನ್ನುವ ಮಾತು. ಮೊಬೈಲಿಗೆ ಆ್ಯಪ್ ಹಾಕುವ ಹಾಗೆ ಕಿಂಡಲಿಗೆ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಅದರ ಕಂಪನಿ ಅದಕ್ಕೆ ಬಿಟ್ಟಿಲ್ಲ. ಆದ್ದರಿಂದ ಅಂಗಡಿಯವರು ಹೇಳಿದ ಅರ್ಥದಲ್ಲಿ ಇನ್‌ಸ್ಟಾಲ್ ಮಾಡುವಂಥ ವಸ್ತುವೇ ಇಲ್ಲ. ಸಾಫ್ಟ್‌ವೇರ್ ಬೇಕಾದ್ದು ನಿಮ್ಮ ಲ್ಯಾಪ್‌ಟಾಪಿಗೆ, ಅದೂ ಉಚಿತ.

ಆದರೆ ಆ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನು ಬಿಟ್ಟು ಹೇಳಿದರೆ ನಾನೂ ಅರ್ಧ ಹೇಳಿದ ಹಾಗಾಗುತ್ತದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ನಮ್ಮ ಊರಿನಲ್ಲಿ ಒಂದೇ ಮನೆಯಲ್ಲಿ ಒಬ್ಬರು ಮಲಯಾಳಂ, ಇನ್ನೊಬ್ಬರು ಕನ್ನಡ ಓದುವವರಿದ್ದಾರೆ. ಒಂದೇ ಕಿಂಡಲಿನಲ್ಲಿ ಅವರ ಪುಸ್ತಕ ಸಲೀಸಾಗಿ ಬಂದು ನಮ್ಮದು ಬಾರದಿದ್ದರೆ ನೋವಾಗುತ್ತದೆ, ನನಗೂ ಆಗಿದೆ. ಹಾಗಂತ ಕೈ ಚೆಲ್ಲಬೇಕಾಗಿಲ್ಲ.

ಕನ್ನಡ ಅಕ್ಷರ ಪರದೆಯ ಮೇಲೆ ಮೂಡಲು ಮೂರು ಸಂಗತಿ ಬೇಕು. ಹಳೆ ಪ್ರೆಸ್ಸಿನ ಉದಾಹರಣೆ ಕೊಟ್ಟರೆ ನಿಮಗೆ ಬೇಗ ಹಿಡಿಯುತ್ತದೆ. ಮೊದಲನೆಯದು ಹಸ್ತಪ್ರತಿ, ಅಂದರೆ ಯಾವ ಅಕ್ಷರ ಯಾವುದು ಅಂತ ಫೈಲಿನೊಳಗೆ ಸರಿಯಾಗಿ ಬರೆದಿರಬೇಕು. ಅದಕ್ಕೆ ಈಗ ಜಗತ್ತೆಲ್ಲ ಒಪ್ಪಿದ ಪದ್ಧತಿ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ. ಎರಡನೆಯದು ಅಚ್ಚಿನ ಮೊಳೆ, ಅಂದರೆ ಫಾಂಟ್. ಮೂರನೆಯದು ಮೊಳೆ ಜೋಡಿಸುವವನು. ಈ ಮೂರನೆಯವನನ್ನು ಎಲ್ಲರೂ ಮರೆಯುತ್ತಾರೆ. ಯುನಿಕೋಡಿನಲ್ಲಿ "ಡ್ಕ" ಅನ್ನುವುದಕ್ಕೆ ಬೇರೆ ಮೊಳೆ ಇಲ್ಲ. ಡ, ಹಲಂತದ ಚಿಹ್ನೆ (ಸ್ವರ ಇಲ್ಲ ಅನ್ನುವ ಗುರುತು), ಕ, ಹೀಗೆ ಮೂರು ಬಿಡಿಯಾಗಿ ಇರುತ್ತವೆ. ಅವನ್ನು ಓದಿ, ಕ ಅನ್ನು ಒತ್ತಕ್ಷರ ಮಾಡಿ, ಡ ಕೆಳಗೆ ಕೂರಿಸುವುದು ಸಾಧನದೊಳಗಿನ ತಂತ್ರಾಂಶದ ಕೆಲಸ. ಮಲಯಾಳಂ, ತಮಿಳಿಗೆ ಅದನ್ನು ಮಾಡುವ ಸಾಧನ ಕನ್ನಡಕ್ಕೂ ಸರಿಯಾಗಿ ಮಾಡಿಯೇ ತೀರುತ್ತದೆ ಅಂತ ಹೇಳಲಾಗುವುದಿಲ್ಲ. ಮಾದರಿ, ಅದರೊಳಗಿನ ಸಾಫ್ಟ್‌ವೇರ್ ಆವೃತ್ತಿ ನೋಡಿಕೊಂಡು ವ್ಯತ್ಯಾಸ ಬರುತ್ತದೆ. ಅದಕ್ಕೇ ನಾನು ಯಾರಿಗೂ ಬಾಯಲ್ಲಿ ಉತ್ತರ ಹೇಳುವುದಿಲ್ಲ, ಒಂದು ಪುಟದ ಪರೀಕ್ಷೆ ಮಾಡಿಸುತ್ತೇನೆ.

ಪರೀಕ್ಷೆ ಹೀಗೆ. ಲ್ಯಾಪ್‌ಟಾಪಿನಲ್ಲಿ ಟೆಕ್ಸ್ಟ್ ಎಡಿಟರ್ ತೆರೆದು ಯುನಿಕೋಡ್ ಕೀಲಿಮಣೆಯಲ್ಲಿ ನಮ್ಮ ಊರುಗಳ ಹೆಸರು ಬರೆಯಿರಿ: ಬದಿಯಡ್ಕ, ವರ್ಕಾಡಿ, ನೀರ್ಚಾಲು, ಎಣ್ಮಕಜೆ, ಮುಳ್ಳೇರಿಯ. ಅದರ ಕೆಳಗೆ ರಾಷ್ಟ್ರಕವಿ, ಸ್ತ್ರೀ, ಕ್ಷೇತ್ರ, ಸಾಫ್ಟ್‌ವೇರ್. ಈ ಒಂಬತ್ತು ಪದಗಳಲ್ಲಿ ಒತ್ತು, ಅರ್ಕಾವತ್ತು, ಎರಡು ಒತ್ತು ಒಂದರ ಕೆಳಗೊಂದು ಬರುವುದು, ಒತ್ತು ಬಾರದ ಹಾಗೆ ತಡೆದು ಬರೆಯುವುದು, ಎಲ್ಲ ಬಂತು. ಟಿಎಕ್ಸ್‌ಟಿ ಫೈಲಾಗಿ, ಯುಟಿಎಫ್-8 ಅಂತ ಆರಿಸಿ ಉಳಿಸಿ (ಉಬುಂಟುವಿನಲ್ಲಿ ತಾನಾಗಿಯೇ ಅದೇ ಇರುತ್ತದೆ). ಕಿಂಡಲನ್ನು ಕೇಬಲಿನಿಂದ ಜೋಡಿಸಿ ಅದರ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಕಾಪಿ ಮಾಡಿ. ಈ ಬಗೆಯ ಫೈಲನ್ನು ಕಿಂಡಲ್ ನೇರವಾಗಿ ಓದುತ್ತದೆ, ಪರಿವರ್ತನೆ ಏನೂ ಬೇಡ.

ತೆರೆದಾಗ ಎಲ್ಲ ಸರಿಯಾಗಿ ಕಂಡರೆ ನಿಮ್ಮ ಅದೃಷ್ಟ, ಮುಂದಿನದೆಲ್ಲ ಸುಲಭ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಮೊಳೆ ಇಲ್ಲ, ಅಂದರೆ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಅದಕ್ಕೆ ಮದ್ದು ಇದೆ. ಅಕ್ಷರಗಳೇನೋ ಕಾಣುತ್ತವೆ, ಆದರೆ ಬದಿಯಡ್ಕ ಅನ್ನುವುದು "ಬದಿಯಡ್‌ಕ" ಅಂತಲೂ ವರ್ಕಾಡಿ ಅನ್ನುವುದು "ವರ್‌ಕಾಡಿ" ಅಂತಲೂ ಬಿಡಿ ಬಿಡಿಯಾಗಿದ್ದರೆ ಮೊಳೆ ಇದೆ, ಜೋಡಿಸುವವನು ಇಲ್ಲ. ಇದು ಗಟ್ಟಿ ಕಾಯಿಲೆ. ಫಾಂಟ್ ಬದಲಿಸಿದರೆ ಹೋಗುವುದಿಲ್ಲ.

ಪರೀಕ್ಷೆಯ ಫೈಲ್ ಕಾಪಿ ಮಾಡಲು ಹೋದಾಗ ಲ್ಯಾಪ್‌ಟಾಪಿನಲ್ಲಿ ಕಿಂಡಲ್ ಕಾಣಿಸಲೇ ಇಲ್ಲ ಅಂತಾದರೆ ಮೊದಲು ಕೇಬಲ್ ಬದಲಿಸಿ ನೋಡಿ. ನಿಮಗೆ ಇಪಬ್ ಕಾಪಿ ಮಾಡಲು ಬಂದಿದೆ, ಹಾಗಾಗಿ ಆ ಕೇಬಲ್ ಸರಿ ಇದೆ. ಆದರೂ ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ. ಪವರ್ ಬ್ಯಾಂಕ್, ಟಾರ್ಚ್ ಜೊತೆ ಬರುವ ಅಗ್ಗದ ಕೇಬಲುಗಳಲ್ಲಿ ಕೆಲವಕ್ಕೆ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ಎರಡು ತಂತಿ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಫೈಲ್ ಹೋಗುವುದಿಲ್ಲ. ಕಿಂಡಲ್ ಹಾಳಾಗಿದೆ ಅಂತ ನನ್ನ ಹತ್ತಿರ ತಂದವರಲ್ಲಿ ಎಷ್ಟೋ ಜನ ಬೇರೆ ಕೇಬಲ್ ಹಾಕಿದ ಕೂಡಲೇ ಮನೆಗೆ ಹೊರಟಿದ್ದಾರೆ.

ಇನ್ನು ಆ 2025ರ ಮಾತು. ಅದು ಸುಳ್ಳಲ್ಲ, ತಪ್ಪಾಗಿ ಕೇಳಿಸಿಕೊಂಡದ್ದು. ಅಮೆಜಾನಿನಲ್ಲಿ ದುಡ್ಡು ಕೊಟ್ಟು ಕೊಂಡ ಪುಸ್ತಕವನ್ನು ಅವರ ಜಾಲತಾಣದಿಂದ ಕಂಪ್ಯೂಟರಿಗೆ ಇಳಿಸಿ ಕೇಬಲಿನಲ್ಲಿ ಕಿಂಡಲಿಗೆ ಹಾಕುವ ಸೌಲಭ್ಯ ಮೊದಲು ಇತ್ತು. ಅದನ್ನು 2025ರ ಫೆಬ್ರವರಿ 26ರಂದು ನಿಲ್ಲಿಸಿದರು. ನಿಮ್ಮದೇ ಫೈಲನ್ನು ಕೇಬಲಿನಲ್ಲಿ ಹಾಕುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದು ವ್ಯತ್ಯಾಸ ಇದೆ. 2024ರಲ್ಲಿ ಬಂದ ಹೊಸ ಮಾದರಿಗಳು ಪೆನ್‌ಡ್ರೈವಿನ ಹಾಗೆ ಕಾಣದೆ ಮೊಬೈಲಿನ ಹಾಗೆ, ಎಂಟಿಪಿ ಅನ್ನುವ ರೀತಿಯಲ್ಲಿ ಜೋಡಣೆಯಾಗುತ್ತವೆ. ವಿಂಡೋಸ್, ಉಬುಂಟು ಎರಡರಲ್ಲೂ ನಡೆಯುತ್ತದೆ. ಮ್ಯಾಕ್ ಇದ್ದವರಿಗೆ ಮಾತ್ರ ಅದಕ್ಕೆ ಬೇರೆ ಆ್ಯಪ್ ಬೇಕು.

ಈಗ ನಿಮ್ಮ ಇಪಬ್ ಯಾಕೆ ಕಾಣಲಿಲ್ಲ ಅನ್ನುವುದು. ಕೇಬಲಿನಲ್ಲಿ ಹಾಕಿದ ಇಪಬ್ ಅನ್ನು ಕಿಂಡಲ್ ಓದುವುದಿಲ್ಲ. ಫೈಲ್ ಒಳಗೇ ಕೂತಿದೆ, ಪಟ್ಟಿಯಲ್ಲಿ ತೋರಿಸುವುದಿಲ್ಲ ಅಷ್ಟೆ. ಹೆಸರಿನ ಕೊನೆಯ ಭಾಗ ಬದಲಿಸಿದರೆ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಎರಡು ದಾರಿ ಇದೆ. ಒಂದು, ಸೆಂಡ್ ಟು ಕಿಂಡಲ್ ಅನ್ನುವ ಅಮೆಜಾನಿನ ಸೇವೆ. ಅದು 2022ರಿಂದ ಇಪಬ್ ತೆಗೆದುಕೊಂಡು ತನಗೆ ಬೇಕಾದ ರೂಪಕ್ಕೆ ತಾನೇ ಬದಲಿಸಿಕೊಳ್ಳುತ್ತದೆ. ಜಾಲತಾಣದಲ್ಲಿ ಹಾಕುವುದಾದರೆ ಒಂದು ಫೈಲಿಗೆ 200 ಎಂಬಿ ಮಿತಿ, ಇಮೇಲಿನಲ್ಲಾದರೆ 50 ಎಂಬಿ. ಆದರೆ ಇದು ಮಗಳ ಖಾತೆಯ ಮೂಲಕವೇ ನಡೆಯಬೇಕು, ನಿಮ್ಮ ಇಮೇಲ್ ವಿಳಾಸವನ್ನು ಅವರು ಒಪ್ಪಿಗೆಯ ಪಟ್ಟಿಗೆ ಸೇರಿಸಬೇಕು. ಪರಿವರ್ತನೆ ಅವರ ಕಡೆಯಲ್ಲಿ ನಡೆಯುವುದರಿಂದ ಕನ್ನಡ ಎಲ್ಲಿ ಕೆಟ್ಟಿತು ಅಂತ ನಮಗೆ ಗೊತ್ತಾಗುವುದೂ ಇಲ್ಲ.

ಎರಡನೆಯ ದಾರಿ ಕ್ಯಾಲಿಬರ್. ನಾನು ಅದನ್ನೇ ಹೇಳುವುದು. ಕೋವಿದ್ ಗೋಯಲ್ ಅನ್ನುವವರು 2006ರಲ್ಲಿ ಸೋನಿ ಕಂಪನಿಯ ಒಂದು ಓದುವ ಸಾಧನಕ್ಕೆ ಅಂತ ಶುರು ಮಾಡಿದ, ಇ-ಪುಸ್ತಕಗಳ ರೂಪ ಬದಲಿಸುವ ತಂತ್ರಾಂಶ ಇದು. ಈಗ ಹೆಚ್ಚುಕಡಿಮೆ ಎಲ್ಲ ಸಾಧನಗಳಿಗೂ ಆಗುತ್ತದೆ. ಉಚಿತ, ಮುಕ್ತ ತಂತ್ರಾಂಶ. ಐಟಿ@ಸ್ಕೂಲ್ (ಕೇರಳದ ಶಾಲೆಗಳ ಕಂಪ್ಯೂಟರ್ ಯೋಜನೆ) ಕಾಲದಲ್ಲಿ ಶಾಲೆಗೆ ಲಿನಕ್ಸ್ (ಉಬುಂಟು ಅದರದ್ದೇ ಒಂದು ಬಗೆ) ಬಂದಾಗ ತರಬೇತಿಗೆ ಹೋದ ತಲೆಮಾರು ನಿಮ್ಮದು, ಅಲ್ವಾ? ಹಾಗಾಗಿ ಉಬುಂಟು ನಿಮಗೆ ಹೊಸದಲ್ಲ. ಅದರ ಸಾಫ್ಟ್‌ವೇರ್ ಸೆಂಟರಿನಲ್ಲಿ ಕ್ಯಾಲಿಬರ್ ಅಂತ ಹುಡುಕಿದರೆ ಸಿಗುತ್ತದೆ. ಅಲ್ಲಿರುವುದು ಸ್ವಲ್ಪ ಹಳೆ ಆವೃತ್ತಿ ಇರಬಹುದು, ನಿಮ್ಮ ಕೆಲಸಕ್ಕೆ ಸಾಕು. ಕಿಂಡಲ್ ತೀರಾ ಹೊಸ ಮಾದರಿಯಾಗಿದ್ದು ಗುರುತು ಹಿಡಿಯದಿದ್ದರೆ ಮಾತ್ರ ಕ್ಯಾಲಿಬರಿನ ಅಧಿಕೃತ ಜಾಲತಾಣದಿಂದ ಹೊಸದನ್ನು ಇಳಿಸಿ. ವಿಂಡೋಸಿನವರೂ ಅಧಿಕೃತ ತಾಣದಿಂದಲೇ ಇಳಿಸಬೇಕು, ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬಾರದು. 2022ರ 6ನೇ ಆವೃತ್ತಿಯಿಂದ 32 ಬಿಟ್ ಕಂಪ್ಯೂಟರುಗಳಿಗೆ ಕ್ಯಾಲಿಬರ್ ಬರುವುದು ನಿಂತಿದೆ, ಅಂಥ ಹಳೆ ಕಂಪ್ಯೂಟರ್ ಇದ್ದವರು ಅದಕ್ಕಿಂತ ಹಿಂದಿನ ಆವೃತ್ತಿ ಹಾಕಿಕೊಳ್ಳಬೇಕು.

ಮೊದಲ ಸಲ ತೆರೆದಾಗ ಪುಸ್ತಕ ಎಲ್ಲಿ ಇಡಬೇಕು ಅಂತ ಕೇಳುತ್ತದೆ. ಡ್ರೈವ್, ಕ್ಲೌಡ್ ಅಂತ ತಾನಾಗಿ ಸಿಂಕ್ ಆಗುವ ಫೋಲ್ಡರ್ ಕೊಡಬೇಡಿ, ಅದರ ಪಟ್ಟಿ ಕೆಡುವ ಸಾಧ್ಯತೆ ಇದೆ. ಆಮೇಲೆ ಸಾಧನ ಯಾವುದು ಅಂತ ಕೇಳಿದಾಗ ಅಮೆಜಾನ್, ನಿಮ್ಮ ಮಾದರಿ ಆರಿಸಿ. ಪುಸ್ತಕ ಸೇರಿಸಿದರೆ ಅದರ ಒಂದು ಪ್ರತಿಯನ್ನು ಅದು ತನ್ನ ಫೋಲ್ಡರಿಗೆ ತೆಗೆದುಕೊಳ್ಳುತ್ತದೆ, ಮೂಲ ಫೈಲಿಗೆ ಏನೂ ಆಗುವುದಿಲ್ಲ.

ನೋಟೋ ಸೆರಿಫ್ ಕನ್ನಡದಂಥ ಒಂದು ಉಚಿತ ಯುನಿಕೋಡ್ ಫಾಂಟ್ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಕ್ಯಾಲಿಬರಿನಲ್ಲಿ ಇಪಬ್ ಆರಿಸಿ, ಕನ್ವರ್ಟ್ ಒತ್ತಿ, ಮೇಲೆ ಬಲಬದಿಯಲ್ಲಿ ಕಿಂಡಲ್ ಓದುವ ರೂಪವಾದ ಎಝಡ್‌ಡಬ್ಲ್ಯು3 ಆರಿಸಿ. ಅಲ್ಲೇ ಲುಕ್ ಆ್ಯಂಡ್ ಫೀಲ್ ಅನ್ನುವ ಭಾಗದಲ್ಲಿ ಫಾಂಟನ್ನು ಪುಸ್ತಕದೊಳಗೇ ಸೇರಿಸುವ ಆಯ್ಕೆ ಇದೆ, ಅದರಲ್ಲಿ ನೋಟೋ ಕೊಡಿ. ಮೊಳೆಯನ್ನು ಪುಸ್ತಕದ ಜೊತೆಗೇ ಕಟ್ಟಿ ಕಳಿಸಿದ ಹಾಗೆ ಇದು. ಆಮೇಲೆ ಕಿಂಡಲ್ ಜೋಡಿಸಿ ಸೆಂಡ್ ಟು ಡಿವೈಸ್ ಒತ್ತಿ. ಆ ಹೊತ್ತಿಗೆ ಫೈಲ್ ಮ್ಯಾನೇಜರಿನಲ್ಲಿ ಕಿಂಡಲ್ ತೆರೆದಿಟ್ಟಿರಬೇಡಿ, ಇಬ್ಬರೂ ಒಟ್ಟಿಗೆ ಹಿಡಿದರೆ ಎಂಟಿಪಿಯಲ್ಲಿ ತಡೆಯಾಗುತ್ತದೆ. ಪುಸ್ತಕ ತೆರೆದ ಮೇಲೆ ಕಿಂಡಲಿನ ಎಎ ಅನ್ನುವ ಗುರುತು ಒತ್ತಿ ಪಬ್ಲಿಷರ್ ಫಾಂಟ್ ಆರಿಸಬೇಕು. ಇದನ್ನು ಆರಿಸದೆ ಎಷ್ಟೋ ಜನ "ಎಲ್ಲ ಮಾಡಿದರೂ ಚೌಕವೇ ಬರ್ತದೆ" ಅಂತ ಫೋನ್ ಮಾಡುತ್ತಾರೆ. 2018ರ ನಂತರದ ಸಾಫ್ಟ್‌ವೇರ್ ಇರುವ ಕಿಂಡಲುಗಳಲ್ಲಿ ಫಾಂಟ್ಸ್ ಅಂತ ಒಂದು ಫೋಲ್ಡರೂ ಇರುತ್ತದೆ, ಫಾಂಟಿನ ಟಿಟಿಎಫ್ ಫೈಲನ್ನು ಅದರಲ್ಲಿ ಹಾಕಿದರೆ ಎಲ್ಲ ಪುಸ್ತಕಗಳಿಗೂ ಅದೇ ಫಾಂಟ್ ಆರಿಸಬಹುದು. ನನ್ನ ಇಷ್ಟ ಪುಸ್ತಕದೊಳಗೇ ಸೇರಿಸುವುದು, ಮುಂದೆ ಸಾಧನ ಬದಲಾದರೂ ಪುಸ್ತಕದ ಜೊತೆ ಫಾಂಟ್ ಇರುತ್ತದೆ.

ಈಗ ಸ್ಕ್ಯಾನ್ ಪಿಡಿಎಫ್. ಇದರಲ್ಲಿ ಕನ್ನಡದ ಪ್ರಶ್ನೆಯೇ ಇಲ್ಲ, ಯಾಕೆಂದರೆ ಅದು ಅಕ್ಷರ ಅಲ್ಲ, ಪುಟದ ಫೋಟೋ. ತೊಂದರೆ ಅಳತೆಯದ್ದು. 6 ಇಂಚು ಅಂದರೆ ಮೂಲೆಯಿಂದ ಮೂಲೆಗೆ. ನಿಜವಾದ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದ. ನಮ್ಮ ಡೆಮಿ 1/8 ಪುಸ್ತಕದ ಪುಟ ಸುಮಾರು 14 ಅಗಲ, 21.5 ಉದ್ದ. ಅಷ್ಟು ದೊಡ್ಡ ಪುಟವನ್ನು ಇಷ್ಟರಲ್ಲಿ ಕೂರಿಸಿದರೆ ಎಲ್ಲವೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 55 ಶೇಕಡಾ ಆಗುತ್ತದೆ. 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೆ ಇಳಿಯಿತು. ಪೊರೆ ತೆಗೆಸಿದ ಕಣ್ಣಿಗೆ ಮಾತ್ರವಲ್ಲ, ನನ್ನ ಕಣ್ಣಿಗೂ ಆಗದು.

ಸುಲಭದ ಉಪಾಯ ಪರದೆಯನ್ನು ಅಡ್ಡಕ್ಕೆ ತಿರುಗಿಸುವುದು, ಜೊತೆಗೆ ಪುಟದ ಅಂಚಿನ ಖಾಲಿ ಜಾಗ ಕತ್ತರಿಸುವುದು. ಅಂಚು ಹೋದರೆ ಅಚ್ಚಾದ ಭಾಗ ಸುಮಾರು 10.5 ಸೆಂಟಿಮೀಟರ್ ಅಗಲ. ಅಡ್ಡ ಹಿಡಿದ ಪರದೆಯ ಅಗಲ 12. ಅಂದರೆ ಅಕ್ಷರ ಮೂಲ ಪುಸ್ತಕಕ್ಕಿಂತ ತುಸು ದೊಡ್ಡದೇ ಕಾಣುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ಮುಂದೆ ಸರಿಸಬೇಕು, ಅಷ್ಟು ಮಾಡಿದರೆ ಆಯಿತು. ಅಂಚು ಕತ್ತರಿಸಲು ಕೆ2ಪಿಡಿಎಫ್‌ಆಪ್ಟ್ ಅನ್ನುವ ಉಚಿತ ತಂತ್ರಾಂಶ ಇದೆ. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಲುಗಳನ್ನೂ ಪದಗಳನ್ನೂ ಚಿತ್ರವಾಗಿಯೇ ಕತ್ತರಿಸಿ ಸಣ್ಣ ಪರದೆಗೆ ಹೊಂದುವ ಹಾಗೆ ಮತ್ತೆ ಜೋಡಿಸಿಕೊಡುತ್ತದೆ. ಭಾಷೆ ಗೊತ್ತಿರಬೇಕಾಗಿಲ್ಲ, ಅದಕ್ಕೆ ಎಲ್ಲವೂ ಚಿತ್ರ. ಸಾಲುಗಳ ನಡುವೆ ಜಾಗ ಕಡಿಮೆ ಇರುವ ಪುಸ್ತಕವಾದರೆ ಮೊದಲು ಹತ್ತು ಪುಟ ಮಾತ್ರ ಮಾಡಿ, ಒತ್ತಕ್ಷರದ ಕಾಲು ತುಂಡಾಗಿದೆಯಾ ಅಂತ ನೋಡಿ, ಆಮೇಲೆ ಇಡೀ ಪುಸ್ತಕಕ್ಕೆ ಕೈ ಹಾಕಿ.

ಒಂದು ಮಾತ್ರ ಮಾಡಬೇಡಿ. ಪಿಡಿಎಫ್ ಅನ್ನು ಕ್ಯಾಲಿಬರಿನಲ್ಲಿ ಕನ್ವರ್ಟ್ ಮಾಡಲು ಹೋಗಬೇಡಿ. ಸ್ಕ್ಯಾನ್ ಆದರೆ ಅಕ್ಷರವೇ ಇಲ್ಲದ್ದರಿಂದ ಪ್ರಯೋಜನ ಇಲ್ಲ. ಟೈಪ್ ಮಾಡಿ ಮಾಡಿದ ಪಿಡಿಎಫ್ ಆದರೂ ಅದರೊಳಗೆ ಇರುವುದು ಜೋಡಿಸಿ ಮುಗಿದ ಮೊಳೆಗಳ ಚಿತ್ರ, ಹಸ್ತಪ್ರತಿಯ ಕ್ರಮ ಅಲ್ಲ. ಹೊರಗೆ ತೆಗೆದರೆ ಗುಣಿತ ಒಂದು ಕಡೆ, ಒತ್ತು ಒಂದು ಕಡೆ ಚೆಲ್ಲಾಪಿಲ್ಲಿ. ಸ್ಕ್ಯಾನಿನಿಂದ ನಿಜವಾದ ಅಕ್ಷರ ಬೇಕಾದರೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಗುರುತಿಸಿ ಬರೆಯುವುದು) ಮಾಡಬೇಕು. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ಗೂಗಲ್ ಡ್ರೈವಿನಲ್ಲೂ ಆಗುತ್ತದೆ. ಆದರೆ ಪ್ರತಿ ಪುಟ ತಿದ್ದಬೇಕು. 200 ಪುಟದ ಪುಸ್ತಕಕ್ಕೆ ವಾರಗಟ್ಟಲೆ ಕೆಲಸ. ನಿಮಗೆ ಬಹಳ ಬೇಕಾದ ಒಂದೆರಡು ಪುಸ್ತಕಕ್ಕೆ ಮಾಡಬಹುದು, ಎಲ್ಲದಕ್ಕೂ ಬೇಡ. ನಿಮ್ಮ ಓದು ಹೆಚ್ಚಾಗಿ ಸ್ಕ್ಯಾನ್ ಪುಸ್ತಕಗಳದ್ದೇ ಆದರೆ 10 ಇಂಚಿನ ಸಾಧಾರಣ ಟ್ಯಾಬ್ಲೆಟ್ ಅದಕ್ಕೆ ಹೆಚ್ಚು ಸೂಕ್ತ ಅಂತ ನೇರವಾಗಿ ಹೇಳುತ್ತೇನೆ. ಅದರಲ್ಲಿ ಡೆಮಿ ಪುಟ ಹೆಚ್ಚುಕಡಿಮೆ ಮೂಲದ ಅಳತೆಯಲ್ಲೇ ಕೂರುತ್ತದೆ. ಕಣ್ಣಿಗೆ ಕಿಂಡಲಿನಷ್ಟು ಹಿತ ಅಲ್ಲ, ಆದರೆ ಬೆಳಕು ಕಡಿಮೆ ಮಾಡಿಕೊಂಡು ಓದಬಹುದು.

ನಿಮ್ಮ ತಂದೆಯವರ ಫೈಲಿನ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಮೂರರಲ್ಲಿ ಅದು ಮುಖ್ಯ. ಬೇರೆ ಪುಸ್ತಕ ಇನ್ನೊಂದು ಕಡೆ ಸಿಗುತ್ತದೆ, ಅದು ನಿಮ್ಮಲ್ಲಿ ಮಾತ್ರ ಇದೆ.

ಹಳೆಯ ನುಡಿ ಫೈಲಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ತಿಳಿಯದಿದ್ದುದರಿಂದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಇಟ್ಟು ಕೆಲಸ ನಡೆಸುತ್ತಿದ್ದೆವು. ನುಡಿ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನೀವು ನೋಡಿದ್ದು ಅದನ್ನೇ. ಕಿಂಡಲಿಗೆ ಹೋಗುವಾಗ ಫಾಂಟ್ ಕಳಚಿಹೋಯಿತು. ಫೈಲ್ ಕೆಟ್ಟಿಲ್ಲ, ನಿಮ್ಮ ತಂದೆಯವರ ಒಂದು ಅಕ್ಷರವೂ ಹೋಗಿಲ್ಲ.

ಇದನ್ನು ಯುನಿಕೋಡಿಗೆ ಬದಲಿಸಬೇಕು. ನುಡಿಯವರದ್ದೇ ಪರಿವರ್ತಕ ಇದೆ, ಬರಹದಲ್ಲೂ ಇದೆ, ಜಾಲತಾಣಗಳಲ್ಲಿ ಉಚಿತವಾಗಿಯೂ ಸಿಗುತ್ತವೆ. ಶ್ರೀಲಿಪಿಯ ಫೈಲ್ ಆದರೆ ಅದಕ್ಕೆ ಅದರದ್ದೇ ಪರಿವರ್ತಕ ಬೇಕು, ನುಡಿಯದ್ದು ಹಾಕಿದರೆ ಅಕ್ಷರ ಎಲ್ಲ ಅದಲುಬದಲು. ಮೊದಲು ಮೂಲ ಫೈಲಿನ ಎರಡು ಪ್ರತಿ ಮಾಡಿ, ಒಂದು ಪೆನ್‌ಡ್ರೈವಿಗೆ ಹಾಕಿ ಮುಟ್ಟದೆ ಇಡಿ. ಬದಲಿಸಿದ ಮೇಲೆ ತಪ್ಪು ಹುಡುಕುವಾಗ ಮೂರು ಕಡೆ ವಿಶೇಷವಾಗಿ ನೋಡಿ. ಒಂದು ಅರ್ಕಾವತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸುವಾಗ ಕೆಲವು ಸಲ ಎಡವುತ್ತದೆ. ಅರ್ಥ, ಕರ್ಣ, ಪಾರ್ಥ, ಅರ್ಜುನ: ತಾಳಮದ್ದಳೆಯ ಬರಹದಲ್ಲಿ ಅರ್ಕಾವತ್ತಿಗೆ ಬರವಿಲ್ಲ ನೋಡಿ. ಎರಡು, ನಡುನಡುವೆ ಬರುವ ಇಂಗ್ಲಿಷ್ ಪದಗಳು. ಅವನ್ನೂ ಕನ್ನಡ ಅಂತ ತಿಳಿದು ಬದಲಿಸಿ ಅರ್ಥ ಇಲ್ಲದ ಅಕ್ಷರ ಮಾಡಿಬಿಡುತ್ತದೆ. ಮೂರು, ಉದ್ಧರಣ ಚಿಹ್ನೆಗಳು.

ಒಂದು ಸಲ ಪೂರ್ತಿ ಓದಿ ತಿದ್ದಿ. ವರ್ಡಿನ ಹಳೆ ಡಿಒಸಿ ರೂಪವನ್ನು ಕ್ಯಾಲಿಬರ್ ತೆಗೆದುಕೊಳ್ಳುವುದಿಲ್ಲ, ಲಿಬ್ರೆ ಆಫೀಸಿನಲ್ಲಿ ತೆರೆದು ಡಿಒಸಿಎಕ್ಸ್ ಆಗಿ ಉಳಿಸಿ. ಅಧ್ಯಾಯಗಳಿಗೆ ಹೆಡಿಂಗ್ ಶೈಲಿ ಕೊಟ್ಟರೆ ಪರಿವಿಡಿ ತಾನೇ ಮೂಡುತ್ತದೆ. ಆಮೇಲೆ ಇಪಬ್‌ಗೆ ಹೇಳಿದ ದಾರಿಯೇ. ಇದನ್ನು ಮಾಡಿದರೆ ಅವರ ಮಾತು ಕಿಂಡಲಿಗೆ ಮಾತ್ರ ಅಲ್ಲ, ಶಾರ್ಜಾದಲ್ಲಿ ಮಗಳ ಫೋನಿಗೂ ಹೋಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಎಷ್ಟೋ ಸಂಚಿಕೆಗಳು, ಲೇಖನಗಳು ನಮ್ಮ ಕಡೆ ಇದೇ ಹಾಳು ರೂಪದಲ್ಲಿ ಹಳೆ ಸಿಡಿಗಳಲ್ಲಿ ಬಿದ್ದಿವೆ. ಅದನ್ನು ನೆನೆಸಿದಾಗ ನನಗೆ ಸಂಕಟವಾಗುತ್ತದೆ.

ಜೈಲ್‌ಬ್ರೇಕ್ ಬಗ್ಗೆ. ಅಂದರೆ ಕಿಂಡಲಿನ ಬೀಗ ತೆಗೆದು ಹೊರಗಿನ ತಂತ್ರಾಂಶ ಹಾಕುವುದು. ಅದಕ್ಕೆ ಕಾರಣ ಇದೆ. ಕೋರೀಡರ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಮೊಳೆ ಜೋಡಿಸುವವನು, ಹಾರ್ಫ್‌ಬಜ್ ಅಂತ ಅದರ ಹೆಸರು, ಭಾರತೀಯ ಲಿಪಿಗಳನ್ನು ಬಲ್ಲವನು. ಇಪಬ್ ಕೂಡ ಅದು ನೇರವಾಗಿ ತೆರೆಯುತ್ತದೆ. ಆದರೆ ಬೀಗ ತೆಗೆಯಲು ಎಲ್ಲ ಆವೃತ್ತಿಗಳಲ್ಲೂ ಆಗುವುದಿಲ್ಲ, ಅಮೆಜಾನ್ ಒಂದೊಂದು ಅಪ್‌ಡೇಟಿನಲ್ಲಿ ಆ ದಾರಿ ಮುಚ್ಚುತ್ತಾ ಬರುತ್ತದೆ, ವಾರಂಟಿಯ ಆಸೆ ಬಿಡಬೇಕು, ನಡುವೆ ಏನಾದರೂ ತಪ್ಪಿದರೆ ಸಾಧನ ಏಳದೇ ಹೋಗಬಹುದು. ಹೊಸ ಕಿಂಡಲಿಗೆ, ಅದೂ ಮಗಳು ಕೊಟ್ಟದ್ದಕ್ಕೆ, ನಾನು ಬೇಡ ಅನ್ನುತ್ತೇನೆ. ಪರೀಕ್ಷೆಯಲ್ಲಿ ಒತ್ತಕ್ಷರ ಬಿಡಿಯಾಗಿ ಕಂಡರೆ ಕೂಡ ಬೇಡ. ಅದೇ ಕೋರೀಡರ್ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ, ಆಂಡ್ರಾಯ್ಡ್ ಇರುವ ಇ-ಇಂಕ್ (ಕಿಂಡಲಿನಂಥ ಪರದೆಯ) ಸಾಧನಗಳಿಗೆ ಯಾವ ಬೀಗವೂ ಒಡೆಯದೆ ಬರುತ್ತದೆ. ಕಿಂಡಲಿನಲ್ಲಿ ಅಡ್ಡ ತಿರುಗಿಸಿದ ಪಿಡಿಎಫ್ ಓದಿ, ಇಪಬ್‌ಗಳನ್ನು ಅಂಥ ಸಾಧನದ ಕೋರೀಡರಿನಲ್ಲಿ ಓದಿ. ಅಥವಾ ಇನ್ನೊಂದು ಉಪಾಯ: ಇಪಬ್ ಅನ್ನೇ ಕ್ಯಾಲಿಬರಿನಲ್ಲಿ 9 ಅಗಲ 12 ಉದ್ದದ ಪುಟ ಅಳತೆ ಕೊಟ್ಟು, ಅಕ್ಷರ 18 ಪಾಯಿಂಟ್ ಮಾಡಿ ಪಿಡಿಎಫ್ ಆಗಿ ಬದಲಿಸಿ. ಜೋಡಣೆ ಲ್ಯಾಪ್‌ಟಾಪಿನಲ್ಲೇ ಮುಗಿದು ಬರುವುದರಿಂದ ಕಿಂಡಲಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ಆಮೇಲೆ ಅಕ್ಷರದ ಅಳತೆ ಕಿಂಡಲಿನಲ್ಲಿ ಬದಲಿಸಲಾಗದು, ಅದೊಂದೇ ಕೊರತೆ. ನನ್ನ ಅತ್ತೆಯವರಿಗೆ ಹೀಗೇ ಮಾಡಿಕೊಟ್ಟಿದ್ದೇನೆ, ದಿನಾ ಓದುತ್ತಾರೆ.

ಕಾನೂನಿನ ಸಂಶಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ, ಲೆಕ್ಕ ಮುಂದಿನ ಜನವರಿಯಿಂದ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿಯಿಂದ ಎಲ್ಲರಿಗೂ ಮುಕ್ತ, ಹಂಚಲೂಬಹುದು. ಆದರೆ ಈಚಿನ ಆವೃತ್ತಿಗೆ ಯಾರೋ ಬರೆದ ಮುನ್ನುಡಿ, ಟಿಪ್ಪಣಿಗೆ ಅವರವರ ಹಕ್ಕು ಬೇರೆ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡರು, ಅವರ ಬರಹಗಳಿಗೆ 2075ರ ಕೊನೆಯವರೆಗೂ ಹಕ್ಕು ಇದೆ. ನಿಮ್ಮ ಕಪಾಟಿನ ನಿಮ್ಮದೇ ಪುಸ್ತಕವನ್ನು ನಿಮ್ಮ ಸ್ವಂತ ಓದಿಗೆ ಸ್ಕ್ಯಾನ್ ಮಾಡಿಕೊಳ್ಳಲು ಹೆದರಬೇಡಿ, ಸ್ವಂತ ಬಳಕೆಗೆ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಬೇರೆ ಮಾತು. ಕನ್ನಡ ಪ್ರಕಾಶಕರು ಸಣ್ಣವರು, ಅವರ ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ. ಅಲ್ಲಿಗೆ ನಮ್ಮಿಂದ ಪೆಟ್ಟು ಬೀಳಬಾರದು.

ಇಷ್ಟು ಮಾಡಿ. ಮೊದಲು ಆ ಒಂಬತ್ತು ಪದಗಳ ಪುಟವನ್ನು ಹಾಕಿ, ಕಿಂಡಲಿನ ಪರದೆಯ ಫೋಟೋ ತೆಗೆದು ಕಳಿಸಿ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಇನ್ಫೋ ಅಂತ ಇರುವಲ್ಲಿ ಆವೃತ್ತಿಯ ಸಂಖ್ಯೆ ಸಿಗುತ್ತದೆ, ಅದನ್ನೂ ಬರೆಯಿರಿ (ಅಲ್ಲೇ ಕಾಣುವ ಸೀರಿಯಲ್ ನಂಬರ್ ಕಳಿಸಬೇಡಿ). ತಂದೆಯವರ ಫೈಲಿನಿಂದ ಒಂದೇ ಒಂದು ಪುಟ ಪ್ರತ್ಯೇಕ ಮಾಡಿ ಕಳಿಸಿದರೆ ಅದು ನುಡಿಯ ಯಾವ ಫಾಂಟು, ಯಾವ ಪರಿವರ್ತಕ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.